ಎಡಬಲ ತಪ್ಪಿದ ತಟ್ಟೆ

ಮೃದುಲಾ ಹೊಸ ಅಡುಗೆಮನೆಯಲ್ಲಿ ಹಾಲು ಉಕ್ಕಿಸಿದ ದಿನದಿಂದ ಪೋತದಾರ ಮನೆತನದ ವಾಟ್ಸ್ಯಾಪ್ ಗುಂಪಿನಲ್ಲಿ ಊಟ ತಿಂಡಿ ಬಿಟ್ಟು ಬೇರೆ ಮಾತೇ ಇರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಒಗ್ಗರಣೆ ಅವಲಕ್ಕಿ ಬರುತ್ತಿತ್ತು, ಮೇಲೆ ಕಾಯಿತುರಿ, ಪಕ್ಕದಲ್ಲಿ ನಿಂಬೆಹೋಳು. ಹನ್ನೆರಡೂವರೆಗೆ ಊಟದ ತಟ್ಟೆ. ನಾಲ್ಕಕ್ಕೆ ಥಾಲಿಪೀಠ, ಅದರ ನಡುವಿನ ತೂತಿನಲ್ಲಿ ಕರಗುತ್ತಾ ಕೂತ ಬೆಣ್ಣೆ. ಸೊಲ್ಲಾಪುರದ ಸೋದರಮಾವನಿಂದ ಹಿಡಿದು ನಾಶಿಕದ ಅತ್ತೆಯವರೆಗೆ ಎಲ್ಲರೂ ‘ವಾಹ್ ವಾಹ್’ ಎಂದು ಬಾಯಲ್ಲಿ ನೀರೂರಿಸಿಕೊಂಡು ಕೈಮುಗಿಯುವ ಗೊಂಬೆಗಳನ್ನು ಕಳಿಸುತ್ತಿದ್ದರು.

ಒಬ್ಬಳು ಮಾತ್ರ ಏನೂ ಕಳಿಸುತ್ತಿರಲಿಲ್ಲ. ಅವಳು ಮೃದುಲಾಳ ಹಿರಿಯ ವಾರಗಿತ್ತಿ ಶರಯೂ. ಆದರೆ ಪ್ರತಿಯೊಂದು ಚಿತ್ರವನ್ನೂ ಎಲ್ಲರಿಗಿಂತ ಮೊದಲು ತೆರೆದು ನೋಡುತ್ತಿದ್ದವಳು ಅವಳೇ. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಕನ್ನಡಕವನ್ನು ಹಣೆಗೇರಿಸಿ, ತಟ್ಟೆಯ ಮೂಲೆ ಮೂಲೆಗೂ ಕಣ್ಣು ಹಾಯಿಸುತ್ತಿದ್ದಳು. ಮೂವತ್ತು ವರ್ಷ ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಟೀಚರ್ ಆಗಿದ್ದವಳು. ಗುಂಡಿಯ ಕಾಜಾದಲ್ಲಿ ಒಂದು ನೂಲು ಸಡಿಲವಾಗಿದ್ದರೂ ಇಡೀ ರವಿಕೆ ಬಿಚ್ಚಿಸಿ ಮತ್ತೆ ಹೊಲಿಸಿದ ಕಣ್ಣು ಅದು.

“ರೀ, ಇಲ್ನೋಡಿ,” ಎಂದು ಗಂಡ ಶ್ರೀಪಾದನ ಮೂಗಿಗೆ ಫೋನು ಹಿಡಿಯುತ್ತಿದ್ದಳು. “ಕೋಸಂಬರಿ ನೀರು ಬಿಟ್ಟಿದೆ. ಫೋಟೋಗೆ ಅಂತ ಅರ್ಧ ಗಂಟೆ ಕಾಯಿಸಿದಾಳೆ. ಬಿಸಿ ಅನ್ನಾನ ಆರಿಸಿ ತಿನ್ನೋಕೆ ಅಷ್ಟೊಂದು ದುಡ್ಡು ಸುರಿದು ಅಡುಗೆಮನೆ ಕಟ್ಟಿಸಬೇಕಿತ್ತಾ?”

“ಅವಳ ತಟ್ಟೆ, ಅವಳ ಫೋನು,” ಎನ್ನುತ್ತಿದ್ದ ಶ್ರೀಪಾದ. ಅವನು ಪೇಪರಿನಿಂದ ತಲೆ ಎತ್ತುವವನಲ್ಲ. ಎತ್ತಿದರೆ ಏನಾಗುತ್ತದೆಂದು ಅನುಭವದಿಂದ ಬಲ್ಲವನು.

ನಿಜ ಹೇಳಬೇಕೆಂದರೆ ಮೃದುಲಾ ಸುಖವಾಗಿದ್ದಳು. ಇಡೀ ರಾಮಾಯಣದ ಮೂಲ ಅದೇ. ಮದುವೆಯಾಗಿ ಬಂದ ಹೊಸತರಲ್ಲಿ ಎರಡು ವರ್ಷ ಸದಾಶಿವ ಪೇಟೆಯ ವಾಡೆಯಲ್ಲಿ, ಮನೆತನದ ಹಳೆಯ ತೊಟ್ಟಿಮನೆಯಲ್ಲಿ, ಶರಯೂಳ ಕೈಕೆಳಗೆ, ಉಪ್ಪಿನ ಭರಣಿ ಮುಟ್ಟಲು ಅಪ್ಪಣೆ ಕೇಳುತ್ತಾ ಕಳೆದವಳು. ಆಮೇಲೆ ಹದಿನೈದು ವರ್ಷ ಬಾಡಿಗೆ ಮನೆಯಲ್ಲಿ, ಇಬ್ಬರು ನಿಂತರೆ ಒಬ್ಬರ ಮೊಣಕೈ ಇನ್ನೊಬ್ಬರ ಬಾಣಲೆಗೆ ತಾಗುವಂಥ ಗೂಡಿನಲ್ಲಿ. ಈಗ ಕೋಥ್ರೂಡಿನಲ್ಲಿ ಸ್ವಂತ ಫ್ಲ್ಯಾಟು. ಪೂರ್ವಕ್ಕೆ ಅಗಲ ಕಿಟಕಿ, ಬಿಳಿ ಕಲ್ಲಿನ ಕಟ್ಟೆ, ಬೆರಳು ತಾಗಿಸಿದರೆ ಸದ್ದಿಲ್ಲದೆ ಮುಚ್ಚಿಕೊಳ್ಳುವ ಡ್ರಾಯರುಗಳು. ಬೆಳಗಿನ ಬಿಸಿಲು ನೇರ ಒಲೆಯ ಮೇಲೆ ಬೀಳುತ್ತದೆ. ಅವಳು ಹಾಡಿಕೊಂಡು ರೊಟ್ಟಿ ತಟ್ಟುತ್ತಿದ್ದಳು. ತಟ್ಟಿದ್ದನ್ನು ನೋಡಿ ತನಗೇ ಖುಷಿಯಾದಾಗ ಫೋನು ತೆಗೆದುಕೊಳ್ಳುತ್ತಿದ್ದಳು. ಅದರಲ್ಲಿ ಅದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ.

ಶರಯೂಳಿಗೆ ಅದೇ ಸಹಿಸಲಾಗುತ್ತಿರಲಿಲ್ಲ. ಗೃಹಪ್ರವೇಶಕ್ಕೆ ಹೋದಾಗ ಆ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ನೋಡಿ, “ಸದ್ದೇ ಇಲ್ವಲ್ಲೇ. ಮನೇಲಿ ಅಡುಗೆ ಆಗ್ತಾ ಇದೆ ಅಂತ ಪಕ್ಕದವರಿಗೆ ಗೊತ್ತಾಗೋದು ಹೇಗೆ? ಓಹೋ, ಅದಕ್ಕೇ ಫೋಟೋ ಹಾಕ್ತೀಯ!” ಎಂದಿದ್ದಳು. ಮೃದುಲಾ ನಕ್ಕುಬಿಟ್ಟಿದ್ದಳು. ನಕ್ಕವರನ್ನು ಕಂಡರೆ ಶರಯೂಳ ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು.

ಇಷ್ಟೇ ಆಗಿದ್ದರೆ ಉರಿದು ತಾನಾಗಿ ಆರಿಹೋಗುತ್ತಿತ್ತೇನೋ. ಆದರೆ ಈ ವರ್ಷ ಗೌರಿಯರ ಪ್ರಶ್ನೆ ಬಂತು. ಪೋತದಾರರಿಗೆ ಭಾದ್ರಪದದಲ್ಲಿ ಜ್ಯೇಷ್ಠಾ ಕನಿಷ್ಠಾ ಎಂಬ ಇಬ್ಬರು ಗೌರಿಯರು. ಸಾಗುವಾನಿ ಪೆಟ್ಟಿಗೆಯೊಳಗೆ ಎರಡು ಹಿತ್ತಾಳೆಯ ಮುಖಗಳು. ಮೂರು ದಿನ ಅವರಿಗೆ ಸೀರೆ ಉಡಿಸಿ ನಿಲ್ಲಿಸಿ, ನಡುವಿನ ದಿನ ಹದಿನಾರು ಬಗೆಯ ತರಕಾರಿ, ಹೋಳಿಗೆ, ಅಂಬಲಿ ಎಡೆ ಇಡಬೇಕು. ಇಪ್ಪತ್ತಾರು ವರ್ಷದಿಂದ ಆ ಪೆಟ್ಟಿಗೆ ಶರಯೂಳ ಮನೆಯಲ್ಲಿತ್ತು. ವರ್ಷಕ್ಕೆ ಮೂರು ದಿನ ಇಡೀ ಮನೆತನ ಅವಳ ಹೊಸಿಲಿಗೆ ಬರುತ್ತಿತ್ತು, ಅವಳು ಹೇಳಿದಲ್ಲಿ ಕೂರುತ್ತಿತ್ತು, ಅವಳು ಬಡಿಸಿದಷ್ಟು ಉಣ್ಣುತ್ತಿತ್ತು. ಉಳಿದ ದಿನಗಳಲ್ಲಿ ಅವಳನ್ನು ಕೇಳುವವರು ಶ್ರೀಪಾದನೊಬ್ಬನೇ, ಅವನೂ ಕೇಳುತ್ತಿರಲಿಲ್ಲ.

ವಾಡೆ ಬಿಲ್ಡರನ ಕೈಗೆ ಹೋಗಿತ್ತು. ಹೊಸ ಕಟ್ಟಡ ಏಳುವ ತನಕ ಶರಯೂ ಶ್ರೀಪಾದರಿಗೆ ಎರಡು ಕೋಣೆಯ ಬಾಡಿಗೆ ಮನೆ, ಎರಡನೇ ಮಹಡಿ, ಕಡಿದಾದ ಮೆಟ್ಟಿಲು. ಮುದುಕರು ಹತ್ತಲಾರರು, ಮೂವತ್ತು ಜನ ಕೂರಲಾರರು. ಗೌರಿಯರು ಈ ಸಲ ಮೃದುಲಾಳ ಹೊಸ ಮನೆಗೆ ಹೋಗಲಿ ಎಂದು ಯಾರೋ ಅಂದರು. ಹೋದ ಗೌರಿಯರು ತಿರುಗಿ ಬರುವುದಿಲ್ಲ ಎಂಬುದು ಶರಯೂಳಿಗೆ ಚೆನ್ನಾಗಿ ಗೊತ್ತಿತ್ತು. ಅತ್ತೆಯ ಕೈಯಿಂದ ಪೆಟ್ಟಿಗೆ ತನ್ನ ಕೈಗೆ ಬಂದದ್ದೂ ‘ಈ ಒಂದು ವರ್ಷಕ್ಕೆ’ ಎಂದೇ.

ತೀರ್ಮಾನ ದೊಡ್ಡ ಕಾಕುವಿನದು, ಅಂದರೆ ಮನೆತನಕ್ಕೆಲ್ಲ ಹಿರಿಯಳಾದ ಚಿಕ್ಕಮ್ಮನದು. ನಾರಾಯಣ ಪೇಟೆಯಲ್ಲಿರುವ, ಎಂಬತ್ತಾರು ದಾಟಿದ, ಹಲ್ಲಿಲ್ಲದ, ಫೋನಿಲ್ಲದ, ಯಾರ ಮುಲಾಜೂ ಇಲ್ಲದ ದ್ವಾರಕಾಬಾಯಿ. ಅವಳು, “ಶ್ರಾವಣ ಮುಗೀಲಿ, ಹೇಳ್ತೀನಿ,” ಎಂದುಬಿಟ್ಟಿದ್ದಳು.

ಶ್ರಾವಣದ ಕೊನೆಯ ಶುಕ್ರವಾರ ಮೃದುಲಾ ಒಂದು ಕೆಲಸ ಮಾಡಿದಳು. ಗೌರಿಯರು ಬಂದರೆ ತನ್ನಿಂದ ಆದೀತೇ ಎಂದು ನೋಡಲು ಹಬ್ಬದ ಅಡುಗೆಯನ್ನು ಒಮ್ಮೆ ಪೂರ್ತಿ ಮಾಡಿದಳು. ಹದಿನಾರು ತರಕಾರಿ, ಹೋಳಿಗೆ, ಬೇಳೆಕಟ್ಟಿನ ಸಾರಾದ ಆಮಟಿ, ಅಂಬಲಿ. ಬೆಳ್ಳಿ ತಟ್ಟೆಯಲ್ಲಿ ಬಡಿಸಿ, ನೋಡುವವರಿಗೆ ನೇರ ಕಾಣಲೆಂದು ತಟ್ಟೆಯನ್ನು ಫೋನಿನ ಕಡೆ ತಿರುಗಿಸಿಟ್ಟು, ಹಿಂದೆ ತಾನೂ ನಿಂತು ಫೋಟೋ ತೆಗೆದುಕೊಂಡಳು. ಅಷ್ಟು ದಿನವೂ ತಟ್ಟೆಗಳದ್ದಷ್ಟೇ ಚಿತ್ರ. ತಾನೂ ಅದರಲ್ಲಿ ಬಂದದ್ದು ಅದೇ ಮೊದಲು.

ಶರಯೂ ಬಟಾಟೆ ಸುಲಿಯುತ್ತಿದ್ದಳು. ಫೋನು ಟಿಣ್ ಎಂದಿತು. ಎರಡು ಬೆರಳು ತಟ್ಟೆಯ ಮೇಲೆ ಹೋದವು. ಮರುಕ್ಷಣ ಅವಳ ಎದೆ ಹಾರಿತು, ಸಂತೋಷದಿಂದ.

ಅವರಲ್ಲಿ ತಟ್ಟೆಗೆ ಒಂದು ಶಿಸ್ತುಂಟು. ಮೇಲೆ ನಡುವೆ ಉಪ್ಪು. ಅದರ ಎಡಕ್ಕೆ ನಿಂಬೆ, ಚಟ್ನಿ, ಉಪ್ಪಿನಕಾಯಿ, ಕೋಸಂಬರಿ. ಬಲಕ್ಕೆ ಪಲ್ಯಗಳು, ಆಮಟಿ. ಮೂರು ವರ್ಷದ ಕೂಸನ್ನು ಕೇಳಿದರೂ ಬೆರಳು ಮಾಡಿ ತೋರಿಸುತ್ತದೆ. ಇದನ್ನು ಎಡಬಲ ಮಾಡಿ ಬಡಿಸುವುದು ವರ್ಷಕ್ಕೊಮ್ಮೆ, ಪಿತೃಪಕ್ಷದಲ್ಲಿ, ಸತ್ತವರಿಗೆ. ಮೃದುಲಾಳ ಚಿತ್ರದಲ್ಲಿ ಚಟ್ನಿ ಬಲಕ್ಕಿತ್ತು, ಹದಿನಾರು ತರಕಾರಿಗಳು ಎಡಕ್ಕೆ ಸಾಲಾಗಿ ಕೂತಿದ್ದವು.

“ಅಯ್ಯೋ ದೇವರೇ!” ಎಂದಳು ಶರಯೂ. ದನಿಯಲ್ಲಿ ದುಃಖದ ಲವಲೇಶವೂ ಇರಲಿಲ್ಲ. “ರೀ! ಬನ್ನಿ ಇಲ್ಲಿ! ನಿಮ್ಮ ತಮ್ಮನ ಹೆಂಡತಿ ಹೊಸ ಮನೇಲಿ ತಿಥಿ ಊಟ ಬಡಿಸಿದಾಳೆ!”

ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅವಳು ಗುಂಪಿಗೆ ಬರೆದಳು. ಒಂದೇ ಸಾಲು: ‘ಮೃದುಲಾ, ತಟ್ಟೆ ಪಿತೃಗಳಿಗಾ? ಯಾರು ಹೋದರು, ನಮಗೆ ತಿಳಿಸಲೇ ಇಲ್ಲವಲ್ಲ.’

ಆಮೇಲೆ ಕೇಳಬೇಕೇ. ಅಲ್ಲಿಯವರೆಗೆ ‘ವಾಹ್’ ಎನ್ನಲು ಬೆರಳು ಎತ್ತಿದ್ದವರೆಲ್ಲ ತಟ್ಟೆಯನ್ನು ಹಿಗ್ಗಿಸಿ ನೋಡಿದರು, ಶರಯೂ ತೋರಿಸಿದ್ದನ್ನೇ ಕಂಡರು. ಒಬ್ಬರು ‘ಶಿವ ಶಿವ’ ಎಂದರು. ಇನ್ನೊಬ್ಬರು ಹೊಸ ಮನೆಗೆ ಶಾಂತಿ ಮಾಡಿಸಿಬಿಡಿ ಎಂದು ಪುರೋಹಿತರ ನಂಬರು ಕಳಿಸಿದರು. ನಾಶಿಕದ ಅತ್ತೆ ಹಿಂದುಮುಂದು ಓದದೆ ಮೃದುಲಾಳಿಗೆ ಫೋನು ಮಾಡಿ ಅತ್ತೇಬಿಟ್ಟಳು. “ಯಾರಮ್ಮಾ? ನಿಮ್ಮಪ್ಪನಾ? ಮೊನ್ನೆ ತಾನೇ ಮದುವೇಲಿ ನಾಲ್ಕು ಜಿಲೇಬಿ ತಿಂದ್ರಲ್ಲೇ, ಗಟ್ಟಿಮುಟ್ಟಾಗಿದ್ರು!”

ಮಧ್ಯಾಹ್ನದೊಳಗೆ ಚಿತ್ರ ಗುಂಪಿನಿಂದ ಮಾಯವಾಯಿತು. ಮರುದಿನ ಎಂಟೂವರೆಗೆ ಅವಲಕ್ಕಿ ಬರಲಿಲ್ಲ. ಮೂರು ದಿನ, ನಾಲ್ಕು ದಿನ, ಏನೂ ಬರಲಿಲ್ಲ. ಶರಯೂ ಹನ್ನೆರಡೂವರೆಗೆ ಎರಡು ಸಲ ಫೋನು ತೆರೆದು ನೋಡಿ, ಬರಿದಾದ ಪರದೆ ಕಂಡು, “ಈಗ ತಿನ್ನಲಿ ಬಿಸಿಬಿಸಿ,” ಎಂದುಕೊಂಡಳು.

ಆದರೆ ಗೆದ್ದದ್ದನ್ನು ಗಟ್ಟಿಮಾಡಿಕೊಳ್ಳಬೇಕಲ್ಲ. ಕಾಕುವಿಗೆ ಫೋನಿಲ್ಲ, ಕಣ್ಣೂ ಮಂಜು. ಅಳಿಸುವ ಮೊದಲೇ ಚಿತ್ರವನ್ನು ಉಳಿಸಿಕೊಂಡಿದ್ದ ಶರಯೂ ಅಪ್ಪಾ ಬಳವಂತ ಚೌಕದ ಹತ್ತಿರದ ಅಂಗಡಿಗೆ ಹೋಗಿ ಅದನ್ನು ಬಣ್ಣದಲ್ಲಿ, ಗೋಡೆ ಕ್ಯಾಲೆಂಡರಿನಷ್ಟು ದೊಡ್ಡದಾಗಿ ಪ್ರಿಂಟು ಹಾಕಿಸಿದಳು. ಮಳೆಗಾಲ, ನೆನೆದೀತು ಎಂದು ಲ್ಯಾಮಿನೇಶನ್ನೂ ಮಾಡಿಸಿದಳು.

“ದೇವರ ಫೋಟೋನಾ ಬಾಯಿ?” ಎಂದ ಅಂಗಡಿಯವನು.

“ಇಲ್ಲಪ್ಪ, ನಮ್ಮನೆ ದೆವ್ವದ್ದು,” ಎಂದಳು. ಅಂದು ಅವಳು ಅಷ್ಟು ಗೆಲುವಾಗಿದ್ದಳು.

ಕಾಕು ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಶರಯೂ ಚಿತ್ರವನ್ನು ಅವಳ ಮಡಿಲಲ್ಲಿ ಹರಡಿ, ತಾನು ಪಕ್ಕದಲ್ಲಿ ನಿಂತು, ಶಾಲೆಯಲ್ಲಿ ಕರಿಹಲಗೆಯ ಮುಂದೆ ನಿಲ್ಲುತ್ತಿದ್ದ ಹಾಗೆ ಬೆರಳಿಟ್ಟು ವಿವರಿಸಿದಳು.

“ಚಟ್ನಿ ನೋಡಿ ಕಾಕು, ಎಲ್ಲಿದೆ. ನಿಂಬೆ ನೋಡಿ. ನಾನು ತಪ್ಪು ಹುಡುಕೋಳಲ್ಲ, ನಿಮಗೆ ಗೊತ್ತು. ಅವಳಿಗೆ ಫೋಟೋ ಚೆಂದ ಬಂದ್ರೆ ಸಾಕು, ಯಾವುದು ಎಲ್ಲಿಗೆ ಅನ್ನೋ ಜ್ಞಾನ ಬೇಡ. ಇಂಥವಳ ಮನೇಲಿ ಗೌರಿಯರು ಊಟಕ್ಕೆ ಕೂತ್ರೆ ಏನು ಗತಿ? ಸತ್ತೋರ ಎಡೆ ಮುಂದೆ ಕೂರಿಸ್ತಾಳೆ.”

ಕಾಕು ದಿಂಬಿನ ಕೆಳಗಿಂದ ಭೂತಗನ್ನಡಿ ತೆಗೆದಳು. ಚಟ್ನಿ ನೋಡಿದಳು. ಹದಿನಾರು ತರಕಾರಿಗಳನ್ನು ಎಣಿಸಿದಳು. ಆಮೇಲೆ ಭೂತಗನ್ನಡಿ ಮೆಲ್ಲಗೆ ಮೇಲಕ್ಕೆ ಸರಿದು ಚಿತ್ರದ ತುದಿಯಲ್ಲಿ ಬಹಳ ಹೊತ್ತು ನಿಂತಿತು. ಬೊಚ್ಚುಬಾಯಿ ಒಮ್ಮೆ ಅಲುಗಿತು.

“ರಿಕ್ಷಾ ಕರಿ,” ಎಂದಳು.

“ಎಲ್ಲಿಗೆ ಕಾಕು?”

“ಕೋಥ್ರೂಡಿಗೆ. ಇದನ್ನೂ ಎತ್ಕೋ.”

ಶರಯೂ ದಾರಿಯುದ್ದಕ್ಕೂ ಆ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಕಾಕು ಮುಖದ ಮೇಲೇ ಉಗಿಯುವವಳು, ಅದೂ ಆ ಬಿಳಿ ಕಟ್ಟೆಯ ಮುಂದೆಯೇ ಉಗಿಯಲಿದ್ದಾಳೆ ಎಂದು ಅವಳಿಗೆ ಹಬ್ಬವೋ ಹಬ್ಬ.

ಬಾಗಿಲು ತೆರೆದ ಮೃದುಲಾಳ ಮುಖ ಇಳಿದಿತ್ತು. ಕಾಕುವಿನ ಕಾಲಿಗೆ ನಮಸ್ಕಾರ ಮಾಡಿದಳು. ಶರಯೂಳ ಕಾಲಿಗೂ ಮಾಡಿದಳು. ಅವಳ ಕಂಕುಳಲ್ಲಿದ್ದ ಲ್ಯಾಮಿನೇಶನ್ನಿನ ಮೂಲೆ ಕಂಡು ಅದೇನೆಂದು ತಿಳಿದವಳಂತೆ ಕಣ್ಣು ಕೆಳಗೆ ಹಾಕಿದಳು.

“ಏನು ಅಡುಗೆ ಮಾಡಿದೀಯೇ?” ಎಂದಳು ಕಾಕು.

“ಕಡಲೆಹಿಟ್ಟಿನ ಪಿಠಲೆ, ಜೋಳದ ಭಾಕರಿ ಅಷ್ಟೇ ಕಾಕು. ನೀವು ಬರ್ತೀರಿ ಅಂತ ಗೊತ್ತಿರಲಿಲ್ಲ.”

“ಬಡಿಸು. ಹಸಿವಾಗಿದೆ.”

ಮೃದುಲಾ ತಟ್ಟೆ ತಂದಿಟ್ಟಳು. ಮೇಲೆ ನಡುವೆ ಉಪ್ಪು ಇಟ್ಟಳು. ಚಟ್ನಿ ಎಡಕ್ಕಿಟ್ಟಳು. ತೆಗೆದಳು. ಬಲಕ್ಕೆ ಒಯ್ದು ನಿಂತಳು. ಮತ್ತೆ ಎಡಕ್ಕಿಟ್ಟು ಕಾಕುವಿನ ಮುಖ ನೋಡಿದಳು.

“ಸರಿಯಾಗೇ ಇದೆಯಲ್ಲೇ,” ಎಂದಳು ಕಾಕು. “ಅವತ್ತು ಹೇಗಿಟ್ಟಿದ್ದೆ?”

“ಹೀಗೇ ಇಟ್ಟಿದ್ದೆ ಅಂತ ಅನ್ಸುತ್ತೆ ಕಾಕು. ಆದ್ರೆ ಫೋಟೋದಲ್ಲಿ ಹಾಗೆ ಬಂದಿದೆ ಅಂದ್ಮೇಲೆ ನಾನೇ ತಪ್ಪು ಇಟ್ಟಿರ್ಬೇಕು. ಶರಯೂ ವಹಿನಿ ಸುಮ್ಮನೆ ಹೇಳ್ತಾರಾ? ನಾಲ್ಕು ದಿನದಿಂದ ತಟ್ಟೆ ಮುಂದೆ ನಿಂತ್ರೆ ಎಡ ಯಾವುದು, ಬಲ ಯಾವುದು ತಿಳೀತಾನೇ ಇಲ್ಲ.” ಅವಳ ಕಣ್ಣು ತುಂಬಿತು. “ಗೌರಿಯರನ್ನ ವಹಿನಿ ಹತ್ರಾನೇ ಇಡಿ ಕಾಕು. ನನ್ನ ಕೈಲಿ ಆಗಲ್ಲ.”

ಬೇಕಾಗಿದ್ದದ್ದು ಕೇಳದೆಯೇ ಕೈಗೆ ಬಂತು. ಶರಯೂ ದೊಡ್ಡ ಮನಸ್ಸು ಮಾಡಿ, “ಇರಲಿ ಬಿಡೇ, ಎಲ್ಲರಿಗೂ ಎಲ್ಲಾ ಬರಲ್ಲ,” ಎಂದಳು.

“ನೀನು ಬಾಯಿ ಮುಚ್ಚು,” ಎಂದಳು ಕಾಕು. “ಆ ಪಟ ಇಲ್ಲಿ ಹಿಡಿ. ಹಾಂ. ಮೃದುಲಾ, ಅದರ ಪಕ್ಕಕ್ಕೆ ಬಂದು ನಿಂತ್ಕೋ. ಶರಯೂ, ನಮ್ಮ ಹೆಂಗಸರು ಸೆರಗು ಯಾವ ಹೆಗಲಿಗೆ ಹಾಕ್ತಾರೆ?”

“ಎಡಕ್ಕೆ,” ಎಂದಳು ಶರಯೂ, ಯಾಕೆ ಈ ಪ್ರಶ್ನೆ ಎಂದು ತಿಳಿಯದೆ.

“ಇವಳು ಈಗ ಯಾವ ಕಡೆ ಹಾಕಿದಾಳೆ?”

“ಎಡಕ್ಕೆ.”

“ಪಟದಲ್ಲಿ?”

ಶರಯೂ ಚಿತ್ರ ನೋಡಿದಳು. ತಟ್ಟೆಯನ್ನಲ್ಲ, ಮೊದಲ ಬಾರಿಗೆ ತಟ್ಟೆಯ ಹಿಂದೆ ನಿಂತವಳನ್ನು ನೋಡಿದಳು. ಹಸಿರು ಇಳಕಲ್ ಸೀರೆ ಉಟ್ಟು, ಮುಖದ ತುಂಬ ನಗುತ್ತಾ, ಹಣೆಯ ಮೇಲೆ ಬೆವರಿನ ಹನಿಯಿಟ್ಟುಕೊಂಡು ಮೃದುಲಾ ನಿಂತಿದ್ದಳು. ಸೆರಗು ಬಲ ಹೆಗಲ ಮೇಲಿತ್ತು.

“ಕನ್ನಡಿಯೊಳಗೆ ಕಾಣೋ ಹಾಗಿದೆ ಅದು. ನನಗೇನು ಆ ಯಂತ್ರ ಗೊತ್ತಾ? ಸೆರಗು ಗೊತ್ತು,” ಎಂದಳು ಕಾಕು.

ಮೃದುಲಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. “ಅಯ್ಯೋ! ನಾನು ನಿಂತಿದೀನಿ ಅಂತ ಮುಂದಿನ ಕ್ಯಾಮೆರಾ ಹಾಕಿದ್ದೆ! ಅದು ಕನ್ನಡಿ ಥರಾನೇ ಎಡಾನ ಬಲ ಮಾಡುತ್ತೆ!”

“ಮತ್ತೆ! ತಟ್ಟೆ ಸರಿಯಾಗೇ ಇತ್ತು,” ಎಂದ ಕಾಕು ಶರಯೂಳ ಕಡೆ ತಿರುಗಿದಳು. “ಹೊಲಿಗೆ ಟೀಚರಮ್ಮ. ಇಷ್ಟು ದೊಡ್ಡದು ಮಾಡಿಸ್ಕೊಂಡು ಬಂದೆಯಲ್ಲ. ಇಷ್ಟು ಜಾಗದಲ್ಲಿ ಒಬ್ಬ ಹೆಂಗಸು ನಿಂತಿದಾಳೆ ಅನ್ನೋದು ನಿನ್ನ ಕಣ್ಣಿಗೆ ಬೀಳಲೇ ಇಲ್ವಾ? ಚಟ್ನಿ ಕಾಣ್ತು, ಅವಳು ಕಾಣಲಿಲ್ಲ. ಥೂ ನಿನ್ನ.”

ಶರಯೂ ಪಟವನ್ನು ಕಣ್ಣ ಹತ್ತಿರ ತಂದು ಇನ್ನೊಮ್ಮೆ ನೋಡಿದಳು. ಗುಂಪಿನಲ್ಲಿ ಯಾರಿಗೂ ಕಾಣಲಿಲ್ಲವಲ್ಲ ಎನ್ನಬೇಕೆಂದಿದ್ದಳು. ಅವರಿಗೆ ಏನು ಕಾಣಬೇಕೆಂದು ಹೇಳಿಕೊಟ್ಟವಳು ತಾನೇ ಎಂಬುದು ಅಷ್ಟರಲ್ಲಿ ನೆನಪಾಯಿತು. ಪಟವನ್ನು ಮಗುಚಿ ಗೋಡೆಗೆ ಒರಗಿಸಿಟ್ಟಳು.

ಕಾಕು ಭಾಕರಿಯನ್ನು ಪಿಠಲೆಯಲ್ಲಿ ನೆನೆಸಿ, ಬೊಚ್ಚುಬಾಯಲ್ಲಿ ಚಪ್ಪರಿಸಿ, ಇನ್ನೊಂದು ಹಾಕಿಸಿಕೊಂಡು ತಿಂದಳು. ಕೈತೊಳೆದ ಮೇಲೆ ತೀರ್ಪು ಹೇಳಿದಳು. “ಗೌರಿಯರು ಇಲ್ಲಿಗೆ ಬರ್ತಾರೆ. ಈ ವರ್ಷಾನೂ, ಇನ್ಮುಂದಕ್ಕೂ. ಶರಯೂ, ಪೆಟ್ಟಿಗೆ ನೀನೇ ತಂದು ಕೊಡು. ಆಮೇಲೆ ಸೌಟು ಹಿಡ್ಕೊಂಡು ಬಂದೀಯ, ಜೋಕೆ. ಮುತ್ತೈದೆ ಸಾಲಲ್ಲಿ ಕೂತು ಬಿಸಿಬಿಸಿಯಾಗಿ ಉಣ್ಣು. ಇಪ್ಪತ್ತಾರು ವರ್ಷ ಎಲ್ಲರನ್ನೂ ಹೆದರಿಸಿ ಉಣ್ಣಿಸಿದೀಯ, ನೀನೊಂದು ಸಲ ಉಂಡು ನೋಡು.”

ಭಾದ್ರಪದ ಬಂತು. ಶರಯೂ ಪೆಟ್ಟಿಗೆ ತಂದುಕೊಟ್ಟಳು. ಮುಖಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಯಿಸಿಯೇ ತಂದಳು. ಕೊಡುವುದರಲ್ಲೂ ಅವಳನ್ನು ಮೀರಿಸುವವರಿರಬಾರದು. ಪೂಜೆಯ ದಿನ ಮೂವತ್ನಾಲ್ಕು ಜನ ಆ ಮನೆಯಲ್ಲಿ ನೆರೆದರು. ಹೋಳಿಗೆ ಹೆಂಚಿನಿಂದ ನೇರ ತಟ್ಟೆಗೆ ಬೀಳುತ್ತಿತ್ತು. ಇಪ್ಪತ್ತಾರು ವರ್ಷ ಎಲ್ಲರ ಊಟವಾದ ಮೇಲೆ ಆರಿದ ಹೋಳಿಗೆ ತಿಂದವಳಿಗೆ ಆ ಬಿಸಿ ನಾಲಿಗೆಗೆ ಹೊಸತು. ಚೆನ್ನಾಗಿತ್ತು. ಎರಡು ತಿಂದಳು, ಮೂರನೆಯದಕ್ಕೂ ಬೇಡ ಎನ್ನಲಿಲ್ಲ. ಚೆನ್ನಾಗಿದೆ ಎಂದೂ ಅನ್ನಲಿಲ್ಲ.

ನಡುವೆ ಮೃದುಲಾ, “ಎಲ್ಲರೂ ಇಲ್ಲಿ ನೋಡ್ರಿ! ಈ ಸಲ ಹಿಂದಿನ ಕ್ಯಾಮೆರಾ, ಹೆದರಬೇಡಿ!” ಎಂದು ಕೂಗಿದಳು. ಎಲ್ಲರೂ ಗೊಳ್ಳೆಂದರು. ತನ್ನನ್ನೇ ಆಡಿಕೊಂಡು ನಗುತ್ತಿದ್ದಾರೆ ಎಂದುಕೊಂಡ ಶರಯೂ ತಲೆ ಎತ್ತಲಿಲ್ಲ.

ಸಂಜೆ ಐದಕ್ಕೆ, ಬಾಡಿಗೆ ಮನೆಯಲ್ಲಿ ಅವಳು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಗ, ಫೋನು ಟಿಣ್ ಎಂದಿತು. ಗುಂಪಿಗೆ ಚಿತ್ರ ಬಂದಿತ್ತು. ಎಣ್ಣೆಗೈಯಲ್ಲೇ ತೆರೆದಳು. ಎರಡು ಬೆರಳು ಅಭ್ಯಾಸಬಲದಿಂದ ತಟ್ಟೆಗಳ ಮೇಲೆ ಹೋದವು. ಉಪ್ಪು, ನಿಂಬೆ, ಚಟ್ನಿ, ಎಲ್ಲ ತಂತಮ್ಮ ಜಾಗದಲ್ಲಿದ್ದವು. ಒಂದು ತಟ್ಟೆಯಲ್ಲಿ ಆಮಟಿ ಚೂರು ಚೆಲ್ಲಿತ್ತು. ಹಾಗೇ ಸರಿಸುತ್ತಾ ಹೋದವಳ ಬೆರಳು ಒಂದು ಮುಖದ ಮೇಲೆ ಬಂದು ನಿಂತಿತು.

ಸಾಲಿನ ಎಲ್ಲ ಹೆಂಗಸರೂ ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು ನಗುತ್ತಿದ್ದರು. ಒಬ್ಬಳು ಮಾತ್ರ ಪಕ್ಕದವಳ ತಟ್ಟೆಯನ್ನು ಕೆಳಗಣ್ಣಲ್ಲಿ ನೋಡುತ್ತಿದ್ದಳು. ಅವಳ ಗಲ್ಲದಲ್ಲೂ ಹೋಳಿಗೆ ಉಬ್ಬಿತ್ತು, ತುಟಿಯಂಚಿನಲ್ಲಿ ತುಪ್ಪ ಹೊಳೆಯುತ್ತಿತ್ತು. ಆದರೆ ಆ ತುಟಿ ಒಂದು ಕಡೆಗೆ ಸೊಟ್ಟಗಾಗಿ, ಮೂಗು ಮುರಿದು, ಕೊಳೆತದ್ದೇನನ್ನೋ ಮೂಸಿದಂತಿತ್ತು ಮುಖ.

ನನ್ನ ಮುಖ ಹೀಗಿಲ್ಲ ಎಂದುಕೊಂಡಳು ಶರಯೂ. ಈ ಫೋನುಗಳನ್ನು ನಂಬುವ ಹಾಗಿಲ್ಲ, ಎಡಾನ ಬಲ ಮಾಡುತ್ತವೆ, ಇದ್ದದ್ದನ್ನು ಇಲ್ಲದ ಹಾಗೆ ತೋರಿಸುತ್ತವೆ. ಚಿತ್ರವನ್ನು ಇನ್ನಷ್ಟು ಹಿಗ್ಗಿಸಿ ಆ ಹೆಂಗಸಿನ ಹೆಗಲು ನೋಡಿದಳು.

ಸೆರಗು ಎಡಕ್ಕೇ ಇತ್ತು.